ಮಹಾನಗರದ ಕೈತೋಟಕ್ಕೆ ಹೊಸ ತಳಿಗಳು: ಆಯ್ಕೆ ಮತ್ತು ಪಾಲನೆ

ಮುಂಗಾರು ಸಮೀಪಿಸುತ್ತಿದ್ದಂತೆ ನಗರಗಳ ಬೀಜದಂಗಡಿಗಳಲ್ಲಿ ಬಣ್ಣಬಣ್ಣದ ಪೊಟ್ಟಣಗಳು ಸಾಲುಗೊಳ್ಳುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಬಹುತೇಕರಿಗೆ ಹಿತ್ತಿಲೆಂಬುದು ಇಂದು ಬಾಲ್ಕನಿಗೋ ತಾರಸಿಗೋ ಸೀಮಿತವಾಗಿದೆ. ಆದರೂ ನಾಲ್ಕು ಕುಂಡಗಳಲ್ಲಿ ಮನೆಗೆ ಬೇಕಾದ ಸೊಪ್ಪು, ಎರಡು ಹಿಡಿ ಬೆಂಡೆ, ಮುಡಿಗೊಂದಿಷ್ಟು ಕನಕಾಂಬರ ಬೆಳೆಯುವ ಆಸೆ ಬತ್ತಿಲ್ಲ. ಇಂತಹವರು ಸಾಮಾನ್ಯವಾಗಿ ಪೊಟ್ಟಣದ ಮೇಲಿನ ಚಿತ್ರವನ್ನು ನೋಡಿ ಬೀಜ ಕೊಳ್ಳುತ್ತಾರೆ. ಆದರೆ ಹೊಸ ತಳಿಯೆಂಬುದು ಒಂದು ನಿರ್ದಿಷ್ಟ ತೊಂದರೆಗೆ ಸಸ್ಯವಿಜ್ಞಾನಿಗಳು ಕಂಡುಕೊಂಡ ಉತ್ತರ. ನಮ್ಮ ಕುಂಡದ ತೊಂದರೆ ಯಾವುದೆಂದು ಅರಿಯದೆ ಉತ್ತರವನ್ನು ಕೊಂಡರೆ ಹಣದೊಡನೆ ಒಂದು ಋತುವೂ ವ್ಯರ್ಥವಾಗುತ್ತದೆ. ಈ ದೃಷ್ಟಿಯಿಂದ ಕೆಲವು ತಳಿಗಳ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ತಳಿ ಎಂದರೇನು?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ನೋಂದಣಿಗೆ ಬರುವ ತಳಿಗೆ ಮೂರು ಲಕ್ಷಣಗಳನ್ನು ಮುಖ್ಯವಾಗಿ ವಿಧಿಸುತ್ತದೆ: ಅದು ಇತರ ತಳಿಗಳಿಂದ ಭಿನ್ನವಾಗಿರಬೇಕು, ಅದರ ಗಿಡಗಳೆಲ್ಲ ಏಕರೂಪವಾಗಿರಬೇಕು, ಆ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿರಬೇಕು. ಕೈತೋಟದವರ ಪಾಲಿಗೆ ಇನ್ನೊಂದು ವಿಂಗಡಣೆ ಹೆಚ್ಚು ಉಪಯುಕ್ತ. ಮೊದಲನೆಯದು, ಬೀಜ ಹಿಡಿದು ಮತ್ತೆ ಬಿತ್ತಬಹುದಾದ ಶುದ್ಧ ತಳಿ. ಎರಡನೆಯದು, ಎರಡು ತಳಿಗಳ ಮಿಲನದಿಂದ ಹುಟ್ಟಿದ ಮೊದಲ ಪೀಳಿಗೆಯ ಸಂಕರ ತಳಿ; ಇದರ ಬೀಜವನ್ನು ಮತ್ತೆ ಬಿತ್ತಿದರೆ ಗುಣಗಳು ಚದುರಿ ಒಂದೊಂದು ಗಿಡವೂ ಒಂದೊಂದು ಬಗೆಯಾಗುತ್ತದೆ. ಮೂರನೆಯದು, ಕಡ್ಡಿ ಅಥವಾ ಕಸಿಯಿಂದ ಮಾತ್ರ ಮುಂದುವರಿಯುವ ತಳಿ.

ಹೆಸರುಗಳನ್ನು ಓದುವ ಬಗೆ

ತಳಿಯ ಹೆಸರೇ ಅದರ ತವರನ್ನು ಹೇಳುತ್ತದೆ. 'ಅರ್ಕಾ' ಎಂದು ಆರಂಭವಾಗುವ ತಳಿಗಳು ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಈ ಸಂಸ್ಥೆ 1967ರಲ್ಲಿ ಆರಂಭವಾಯಿತು. 'ಪೂಸಾ' ಎಂದರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. 1905ರಲ್ಲಿ ಬಿಹಾರದ ಪೂಸಾ ಎಂಬಲ್ಲಿ ಹುಟ್ಟಿದ ಆ ಸಂಸ್ಥೆಯು 1934ರ ಭೂಕಂಪದ ತರುವಾಯ 1936ರಲ್ಲಿ ದೆಹಲಿಗೆ ಬಂದಿತು; ಊರು ಬಿಟ್ಟರೂ ಊರಿನ ಹೆಸರನ್ನು ಬಿಡಲಿಲ್ಲ. 'ಪಿಕೆಎಂ' ಎಂಬುದು ತಮಿಳುನಾಡಿನ ಪೆರಿಯಕುಳಂ, 'ಡಿಡಬ್ಲ್ಯುಡಿ' ಎಂಬುದು ಧಾರವಾಡ, 'ಎಚ್‌ಎ' ಎಂಬುದು ಹೆಬ್ಬಾಳ ಅವರೆ.

ಟೊಮ್ಯಾಟೊ

ಕುಂಡದ ಟೊಮ್ಯಾಟೊವಿಗೆ ದೊಡ್ಡ ಶತ್ರು ಎಲೆ ಮುಟುರು ನಂಜು ರೋಗ. ಬಿಳಿನೊಣಗಳು ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಹತ್ತನೆಯ ಮಹಡಿಯ ಬಾಲ್ಕನಿಯೂ ಅವುಗಳಿಗೆ ದೂರವಲ್ಲ. ಹೆಸರಘಟ್ಟದ 'ಅರ್ಕಾ ರಕ್ಷಕ್' ಸಂಕರ ತಳಿಯು ಈ ನಂಜು ರೋಗ, ದುಂಡಾಣು ಸೊರಗು ರೋಗ ಮತ್ತು ಆರಂಭಿಕ ಅಂಗಮಾರಿ ಎಂಬ ಮೂರಕ್ಕೂ ನಿರೋಧ ತೋರುತ್ತದೆ. ಹಣ್ಣು ಸುಮಾರು 90ರಿಂದ 100 ಗ್ರಾಂ ತೂಗುತ್ತದೆ. 'ಅರ್ಕಾ ಸಮ್ರಾಟ್' ಇದರ ಒಡಹುಟ್ಟಿನಂತಹುದು. ಅನಂತರ ಬಂದ 'ಅರ್ಕಾ ಅಭೇದ್' ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಮೂರೂ ಸಂಕರ ತಳಿಗಳಾದುದರಿಂದ ಪ್ರತಿ ಬಾರಿಯೂ ಬೀಜವನ್ನು ಕೊಳ್ಳಬೇಕು. ಸೊರಗು ರೋಗವು ಮುಖ್ಯವಾಗಿ ಮಣ್ಣಿನಿಂದ ಬರುವುದು. ಹೊಸ ಮಣ್ಣು ತುಂಬಿದ ಕುಂಡದಲ್ಲಿ ಅದರ ಭಯ ಕಡಿಮೆ. ಆದ್ದರಿಂದ ಎಲೆ ಮುಟುರದ ಕಡೆ, ಬೀಜ ಹಿಡಿಯುವ ಆಸೆಯಿದ್ದಲ್ಲಿ, 'ಅರ್ಕಾ ವಿಕಾಸ್'ನಂತಹ ಹಳೆಯ ಶುದ್ಧ ತಳಿಯೇ ಸಾಕು.

ಬೆಂಡೆ

ಬೆಂಡೆಯ ಎಲೆನರಗಳು ಹಳದಿಯಾಗುವ ನಂಜು ರೋಗವು 1924ರಲ್ಲಿ ಆಗಿನ ಮುಂಬಯಿ ಪ್ರಾಂತ್ಯದಿಂದ ಮೊದಲು ವರದಿಯಾಯಿತು. ಇದಕ್ಕೆ ಉತ್ತರವಾಗಿ ದೆಹಲಿಯಲ್ಲಿ ರೂಪುಗೊಂಡ 'ಪೂಸಾ ಸಾವನಿ' ಬಹುಕಾಲ ದೇಶವನ್ನೆಲ್ಲ ಆಳಿತು. ಆದರೆ ಕ್ರಮೇಣ ಅದರ ನಿರೋಧಶಕ್ತಿ ಕುಗ್ಗಿತು. ಮುಂದೆ ಹೆಸರಘಟ್ಟದಲ್ಲಿ 'ಅರ್ಕಾ ಅನಾಮಿಕ' ಬಂದಿತು. ಬೆಂಡೆಯ ಕಾಡು ಬಂಧುವೊಂದರೊಡನೆ ಸಂಕರ ಮಾಡಿ, ಆಯ್ದು ಆಯ್ದು ಸ್ಥಿರಗೊಳಿಸಿದ ತಳಿಯಿದು. ಆದ್ದರಿಂದ ಬೀಜ ಹಿಡಿಯಬಹುದು. ಈಗ ಕೆಲವೆಡೆ ಇದಕ್ಕೂ ರೋಗ ತಗುಲುತ್ತಿದೆ. ನಂಜು ತಾನೂ ಬದಲಾಗುತ್ತ ಹೋಗುವುದರಿಂದ ಯಾವ ನಿರೋಧವೂ ಶಾಶ್ವತವಲ್ಲ ಎಂಬುದನ್ನು ಬೆಂಡೆಯ ಚರಿತ್ರೆಯೇ ಹೇಳುತ್ತದೆ. ಇನ್ನೊಂದು ಸಂಗತಿ: ಹೊಸ ತಳಿಗೆ ಬಲ ಬಂದುದು, ಯಾರೂ ಬಿತ್ತದೆ ಉಳಿದಿದ್ದ ಒಂದು ಕಾಡುಗಿಡದಿಂದ. ಹಳೆಯದು ಅಳಿದರೆ ಹೊಸತಕ್ಕೂ ಮೂಲವಿಲ್ಲ.

ಹರಿವೆ ಸೊಪ್ಪು

ಮೊದಲ ಬಾರಿ ಕುಂಡಕ್ಕೆ ಕೈ ಹಾಕುವವರಿಗೆ ಇದಕ್ಕಿಂತ ಸುಲಭವಾದುದಿಲ್ಲ. ಬೇರುಸಹಿತ ಒಮ್ಮೆಗೇ ಕೀಳುವ ಬಗೆಗಿಂತ ಹಲವು ಸಲ ಕೊಯ್ಯುವ ಬಗೆಯೇ ಬಾಲ್ಕನಿಗೆ ವಿಹಿತ. 'ಅರ್ಕಾ ಸುಗುಣ'ದ ಅಗಲವಾದ ಹಸಿರೆಲೆಗಳು ಬಿತ್ತಿದ ಸುಮಾರು 25 ದಿನಗಳಲ್ಲಿ ಮೊದಲ ಕೊಯ್ಲಿಗೆ ಬಂದು, 90 ದಿನಗಳವರೆಗೂ ಚಿಗುರು ನೀಡುತ್ತವೆ. 'ಅರ್ಕಾ ಅರುಣಿಮ' ನೇರಳೆಗೆಂಪು ಬಣ್ಣದ್ದು. ಇದೂ ಮರುಚಿಗುರುವ ತಳಿಯೇ. ಒಂದು ಅಡಿ ಅಗಲದ, ಅರ್ಧ ಅಡಿ ಆಳದ ತೊಟ್ಟಿ ಸಾಕಾಗುತ್ತದೆ.

ಅವರೆ

ಹೊರನಾಡ ಕನ್ನಡಿಗನಿಗೆ ಊರಿನ ನೆನಪನ್ನು ಅವರೆಯಷ್ಟು ಬಲವಾಗಿ ತರುವ ಬೆಳೆ ಅಪರೂಪ. ಮುಂಬಯಿಯ ವಾಲ್, ಪಾಪಡಿಗಳು ಇದೇ ಜಾತಿಯವಾದರೂ ಹಿತಕಿದವರೆಗೆ ಒಗ್ಗುವ ಕಾಳು ಬೇರೆ. ನಾಡ ಅವರೆಯು ಹಗಲಿನ ಉದ್ದವನ್ನು ಅಳೆದು ಹೂ ಬಿಡುವ ಸಸ್ಯ. ಹಗಲು ಕಿರಿದಾದ ಮೇಲಷ್ಟೇ ಅದಕ್ಕೆ ಮೊಗ್ಗು. ಆದ್ದರಿಂದಲೇ ಅವರೆಯ ಸುಗ್ಗಿ ಚಳಿಗಾಲಕ್ಕೆ ಕಟ್ಟುಬಿದ್ದಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ 'ಎಚ್‌ಎ 3' ಮತ್ತು 'ಎಚ್‌ಎ 4' ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಬಳ್ಳಿಯಾಗಿ ಹಬ್ಬದೆ ಗಿಡ್ಡ ಪೊದೆಯಾಗಿ ನಿಂತು, ಬಿತ್ತಿದ ಮೂರು ತಿಂಗಳ ಆಸುಪಾಸಿನಲ್ಲಿ ಕಾಯಿ ನೀಡುತ್ತವೆ. ಹೆಸರಘಟ್ಟದ 'ಅರ್ಕಾ ಜಯ್', 'ಅರ್ಕಾ ವಿಜಯ್' ಇದೇ ಗುಣದ ಗಿಡ್ಡ ತಳಿಗಳು. ಒಂದು ಅಡಿ ಆಳದ ಕುಂಡಕ್ಕೆ ಎರಡು ಗಿಡ ಸಾಕು.

ಲಾಭದೊಡನೆ ನಷ್ಟವನ್ನೂ ಹೇಳಬೇಕು. ಅವರೆಯ ಸೊಗಡು ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂತಹ ಅಂಶದಲ್ಲಿರುತ್ತದೆ. ಚಳಿಗಾಲದ ನಾಡ ಅವರೆಯ ಗಾಢ ಸೊಗಡನ್ನು ಬಲ್ಲವರಿಗೆ ಬೇಸಿಗೆಯ ಕಾಯಿ ಸಪ್ಪೆಯೆನಿಸಬಹುದು. ವರ್ಷವೆಲ್ಲ ಅವರೆ ಬೇಕೆಂಬವರಿಗೆ ಹೊಸ ತಳಿ. ಸೊಗಡೇ ಬೇಕೆಂಬವರು ತಾರಸಿಯ ಒಂದು ಮೂಲೆಯಲ್ಲಿ ನಾಡ ಅವರೆಯ ಬಳ್ಳಿಯನ್ನು ಆಗಸ್ಟ್ ವೇಳೆಗೆ ಬಿತ್ತಿ ಕಾಯುವುದು ಒಳಿತು.

ಕರಿಬೇವು

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಎರಡು ತಳಿಗಳು ಇಲ್ಲಿ ಗಮನಾರ್ಹ. 'ಡಿಡಬ್ಲ್ಯುಡಿ 1' ಹೊಳೆಯುವ ಕಡುಹಸಿರು ಎಲೆಯ, ಹೆಚ್ಚು ಪರಿಮಳದ ತಳಿ. ಆದರೆ ಚಳಿಗಾಲದಲ್ಲಿ ಇದರ ಚಿಗುರು ಕುಂಠಿತವಾಗುತ್ತದೆ. 'ಡಿಡಬ್ಲ್ಯುಡಿ 2'ರಲ್ಲಿ ಎಣ್ಣೆಯಂಶ ತುಸು ಕಡಿಮೆಯಿದ್ದರೂ ಚಳಿಗೆ ಅಷ್ಟಾಗಿ ಕುಗ್ಗದು. ಮುಂಬಯಿ, ಚೆನ್ನೈಗಳಿಗೆ ಮೊದಲನೆಯದನ್ನೂ ದೆಹಲಿ, ಪುಣೆಗಳಿಗೆ ಎರಡನೆಯದನ್ನೂ ಆರಿಸಿಕೊಳ್ಳಬಹುದು.

ಪರಂಗಿ ಮತ್ತು ನುಗ್ಗೆ

ತಾರಸಿಯಲ್ಲಿ ಪರಂಗಿ ಬೆಳೆಯುವವರು ಎತ್ತರವನ್ನಷ್ಟೇ ನೋಡುತ್ತಾರೆ, ನೋಡಬೇಕಾದುದು ಲಿಂಗವನ್ನು. 'ಪೂಸಾ ನನ್ಹಾ' ವಿಕಿರಣದ ಪ್ರಯೋಗದಿಂದ ಪಡೆದ ಕುಳ್ಳ ತಳಿ. ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲೇ ಕಾಯಿ ಕಚ್ಚುತ್ತದೆ. ಆದರೆ ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಇರುವ ಒಂದೇ ಡ್ರಮ್ಮಿನಲ್ಲಿ ಬೆಳೆದುದು ಗಂಡಾದರೆ ಹಣ್ಣಿಲ್ಲ. ಹೆಣ್ಣಾದರೆ ಪರಾಗಕ್ಕೆ ನೆರೆಯ ಗಂಡು ಬೇಕು. ಹೆಸರಘಟ್ಟದ 'ಅರ್ಕಾ ಸೂರ್ಯ' ಮತ್ತು 'ಅರ್ಕಾ ಪ್ರಭಾತ್' ತಳಿಗಳಲ್ಲಿ ಶುದ್ಧ ಗಂಡು ಗಿಡಗಳಿಲ್ಲ. ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳಷ್ಟೇ ಹುಟ್ಟುತ್ತವೆ. ಒಂದೆರಡು ಗಿಡಗಳಿಗಷ್ಟೇ ಜಾಗವಿರುವವರಿಗೆ ಇವೇ ಸರಿ.

ಪೆರಿಯಕುಳಂನ 'ಪಿಕೆಎಂ 1' ನುಗ್ಗೆಯನ್ನು ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಬಿಡುಗಡೆ ಮಾಡಿತು. ಕೊಂಬೆ ನೆಟ್ಟು ಕಾಯುವ ಬದಲು ಬೀಜದಿಂದಲೇ ಬೆಳೆದು, ಆರು ತಿಂಗಳ ಆಸುಪಾಸಿನಲ್ಲಿ ಕಾಯಿ ಪಡೆಯಬಹುದಾದ ತಳಿಯಿದು. ತುದಿ ಚಿವುಟಿ ಗಿಡ್ಡವಾಗಿ ನಿಲ್ಲಿಸಿದರೆ ಸೊಪ್ಪೂ ದೊರೆಯುತ್ತದೆ. ಪರಂಗಿ, ನುಗ್ಗೆಗಳಿಗೆ 60ರಿಂದ 100 ಲೀಟರಿನ ಡ್ರಮ್ಮು ಬೇಕು. ಒದ್ದೆ ಮಣ್ಣು ತುಂಬಿದಾಗ ಅದು 100 ಕಿಲೋಗಿಂತಲೂ ಹೆಚ್ಚು ತೂಗೀತು. ಗೃಹಸಂಘದ ಅನುಮತಿ ಪಡೆದು, ತೊಲೆ ಹಾಗೂ ಕಂಬಗಳ ಮೇಲ್ಭಾಗದಲ್ಲಿಡುವುದು ಕ್ಷೇಮ.

ಕನಕಾಂಬರ

ನಾಡ ಕನಕಾಂಬರದ ಒಣಗಿದ ತೆನೆಗೆ ನೀರು ಸೋಕಿದೊಡನೆ ಬೀಜ ಚಟಪಟನೆ ಸಿಡಿಯುವುದನ್ನು ಹಿರಿಯರೆಲ್ಲ ಬಲ್ಲರು. 'ದೆಹಲಿ ಕನಕಾಂಬರ'ದಲ್ಲಿ ಈ ಸಂಭ್ರಮವಿಲ್ಲ. ಅದು ಮೂರು ಜೊತೆ ವರ್ಣತಂತುಗಳುಳ್ಳ ತಳಿಯಾದುದರಿಂದ ಬೀಜ ಕಟ್ಟುವುದಿಲ್ಲ. ಗಾಢ ಕಿತ್ತಳೆಯ ಆ ಹೂವು ಕಡ್ಡಿಯಿಂದ ಕಡ್ಡಿಗೆ ಮಾತ್ರ ಸಾಗಿಬರುತ್ತದೆ. ಹೆಸರಘಟ್ಟದ 'ಅರ್ಕಾ ಅಂಬರ', 'ಅರ್ಕಾ ಕನಕ' ಮೊದಲಾದವು ಈಚಿನವು. ಬೇರಿನ ಜಂತುಹುಳು ಈ ಗಿಡದ ಮುಖ್ಯ ಪೀಡೆ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿ, ಬೇವಿನ ಹಿಂಡಿ ಬೆರೆಸಬೇಕು.

ಯಾವ ಊರಿಗೆ ಯಾವ ಕಾಲ?

ಮುಂಬಯಿ: ಜೂನ್, ಜುಲೈಯ ಬಿರುಮಳೆಯಲ್ಲಿ ಟೊಮ್ಯಾಟೊ ಬೇಡ, ಸೆಪ್ಟೆಂಬರ್ ಕೊನೆಯಿಂದ ಆರಂಭಿಸಿರಿ. ಬೆಂಡೆಯನ್ನು ಮಳೆಯ ಆರಂಭದಲ್ಲೇ ಬಿತ್ತಬಹುದು. ನೀರು ಬಸಿದು ಹೋಗುವಂತಿರಬೇಕು.

ಪುಣೆ, ಹೈದರಾಬಾದು: ಜೂನ್ ಕೊನೆಯಿಂದ ಬೆಂಡೆ, ಹರಿವೆ, ಅವರೆ, ಟೊಮ್ಯಾಟೊ ಎಲ್ಲವೂ ಆಗುತ್ತವೆ.

ಚೆನ್ನೈ: ಮುಖ್ಯ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನದು. ಜುಲೈಯಲ್ಲಿ ಬಿತ್ತಿದ ಬೆಂಡೆ ಅದಕ್ಕೆ ಮುನ್ನವೇ ಫಲ ನೀಡುತ್ತದೆ. ಟೊಮ್ಯಾಟೊ ಸಸಿಯನ್ನು ಡಿಸೆಂಬರಿನಲ್ಲಿ ನೆಡುವುದು ಸೂಕ್ತ.

ದೆಹಲಿ: ಜೂನ್ ತಾಪ ಇಳಿದ ಮೇಲೆ ಜುಲೈಯಲ್ಲಿ ಬೆಂಡೆ, ಹರಿವೆ, ಗಿಡ್ಡ ಅವರೆ. ಕನಕಾಂಬರ, ಕರಿಬೇವುಗಳ ಕುಂಡಗಳನ್ನು ಡಿಸೆಂಬರ್, ಜನವರಿಯಲ್ಲಿ ಗೋಡೆಯ ಮರೆಗೆ ಸರಿಸಬೇಕು.

ಎಲ್ಲ ತರಕಾರಿಗಳಿಗೂ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಅಷ್ಟಿಲ್ಲದ ಬಾಲ್ಕನಿಗೆ ಸೊಪ್ಪು, ಪುದೀನ, ದೊಡ್ಡಪತ್ರೆಗಳೇ ಲೇಸು. ಯಾವ ಹೊಸ ತಳಿಯೂ ಬಿಸಿಲಿನ ಕೊರತೆಯನ್ನು ತುಂಬಲಾರದು.

ಬೀಜ ಕೊಳ್ಳುವಾಗ

ಪೊಟ್ಟಣದ ಹಿಂಬದಿಯನ್ನು ತಪ್ಪದೆ ಓದಬೇಕು. ಮೊಳಕೆಯ ಶೇಕಡಾ ಪ್ರಮಾಣ, ಪರೀಕ್ಷೆಯ ದಿನಾಂಕ, ಬಳಸಬೇಕಾದ ಅವಧಿ ಅಲ್ಲಿರುತ್ತವೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ; ತಯಾರಕರೇ ಗುಣಮಟ್ಟಕ್ಕೆ ಹೊಣೆಯಾಗುವ ಬೀಜಕ್ಕೆ ತಿಳಿಹಸಿರು ಚೀಟಿ. 'ನಿರೋಧಕ' ಎಂದರೆ ರೋಗವನ್ನು ತಡೆಯುವುದು. 'ಸಹಿಷ್ಣು' ಎಂದರೆ ರೋಗ ತಗುಲಿದರೂ ಫಲ ನೀಡುವುದು. ಎರಡನ್ನೂ ಒಂದೆಂದು ಭಾವಿಸಬಾರದು. ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಬಳಿದಿದ್ದರೆ ಅದು ಔಷಧ ಲೇಪಿತವೆಂದು ತಿಳಿದು ಮಕ್ಕಳ ಕೈಗೆ ಸಿಗದಂತಿಡಬೇಕು. ಅರ್ಕಾ ಬೀಜಗಳನ್ನು ಹೆಸರಘಟ್ಟದ ಸಂಸ್ಥೆಯು ಅಂತರ್ಜಾಲದ ಮೂಲಕವೂ ಮಾರುತ್ತದೆ.

ಬೀಜ ಉಳಿಸುವ ಕ್ರಮ

ಟೊಮ್ಯಾಟೊ ಮತ್ತು ಅವರೆ ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಫಲ ಕಟ್ಟುತ್ತವೆ. ಇವುಗಳ ಶುದ್ಧ ತಳಿಯನ್ನು ಉಳಿಸುವುದು ಸುಲಭ. ಬೆಂಡೆಗೆ ಜೇನುನೊಣಗಳ ಮೂಲಕ ಅನ್ಯ ಪರಾಗ ಬೆರೆಯಬಹುದು. ಮೊಗ್ಗೊಂದನ್ನು ಅರಳುವ ಮುನ್ನಾದಿನ ತೆಳುಬಟ್ಟೆಯ ಚೀಲದಿಂದ ಮುಚ್ಚಿ, ಕಾಯಿ ಕಚ್ಚಿದ ಮೇಲೆ ದಾರ ಕಟ್ಟಿ ಗುರುತಿಡಬೇಕು. ಹರಿವೆಯ ಪರಾಗವು ಗಾಳಿಯಲ್ಲಿ ಹಾರುವುದರಿಂದ ಹಸಿರು, ಕೆಂಪು ಎರಡನ್ನೂ ಒಟ್ಟಿಗೆ ಹೂ ಬಿಡಲು ಬಿಡಬಾರದು. ಬಲಿತು ಒಣಗಿದ ಬೀಜವನ್ನು ನೆರಳಿನಲ್ಲಿ ಮತ್ತಷ್ಟು ಒಣಗಿಸಿ, ಬಿಗಿಮುಚ್ಚಳದ ಗಾಜಿನ ಸೀಸೆಯಲ್ಲಿ ತಳಿಯ ಹೆಸರು ಹಾಗೂ ವರ್ಷವನ್ನು ಬರೆದಿಡಬೇಕು.

ಬೀಜವೆಂಬುದು ಅಸಲು, ಫಲವೆಂಬುದು ಬಡ್ಡಿ. ಬಡ್ಡಿಯನ್ನುಂಡು ಅಸಲನ್ನು ಕಾಯುವುದು ನಮ್ಮ ಹಿರಿಯರ ಒಕ್ಕಲುತನದ ನೀತಿಯಾಗಿತ್ತು. ಊರಿನಿಂದ ತಂದ ನಾಡ ಅವರೆಯಾಗಲಿ, ಅತ್ತೆಯ ಮನೆಯ ಹರಿವೆಯಾಗಲಿ ಒಂದು ವರ್ಷ ಬಿತ್ತದಿದ್ದರೆ ಅದರ ಶಕ್ತಿ ಕುಂದುತ್ತದೆ. ಕೆಲವು ವರ್ಷ ಬಿಟ್ಟರೆ ಮತ್ತೆ ಮೊಳೆಯದು. ಅಂಗಡಿಯಲ್ಲಿ ದೊರೆಯದ ತಳಿಯು ಹೀಗೆ ಅಳಿದರೆ ಅದನ್ನು ಮರಳಿ ಕೊಳ್ಳಲಾಗದು. ಆದ್ದರಿಂದ ಈ ಋತುವಿನಲ್ಲಿ ಹೊಸ ತಳಿಯೊಂದನ್ನು ಬಿತ್ತುವ ಪ್ರತಿ ಮನೆಯೂ ಪಕ್ಕದ ಕುಂಡದಲ್ಲಿ ಹಳೆಯ ತಳಿಯೊಂದನ್ನು ಬಿತ್ತಲಿ. ದೆಹಲಿ ಕನಕಾಂಬರದ ಕಡ್ಡಿಯನ್ನೂ ಹಿಡಿ ಅವರೆ ಬೀಜವನ್ನೂ ಕನ್ನಡ ಬಂಧುಗಳು ತಮ್ಮ ತಮ್ಮಲ್ಲಿ ಹಂಚಿಕೊಳ್ಳಲಿ. ಒಂದು ಮನೆಯ ಕುಂಡ ಒಣಗಿದರೂ ಇನ್ನೊಂದು ಮನೆಯಲ್ಲಿ ಅದು ಉಳಿದಿರುತ್ತದೆ.