ಕಲಾಕೃತಿಯ ವಿವರಣೆ ಬರೆಯುವ ಕ್ರಮ: ದೃಶ್ಯ ಕಲಾವಿದರಿಗೆ ಮಾಹಿತಿ

ಪ್ರದರ್ಶನ, ಪ್ರಶಸ್ತಿ ಅಥವಾ ಧನಸಹಾಯ ಕೋರುವ ಅರ್ಜಿಯೊಂದಿಗೆ ಕೃತಿಯ ಕಿರು ವಿವರಣೆ ಸಲ್ಲಿಸಬೇಕಾಗಬಹುದು. ಛಾಯಾಚಿತ್ರವನ್ನಷ್ಟೇ ನೋಡುವ ಪರಿಶೀಲಕರಿಗೆ ಕೈಕೆಲಸದ ಶ್ರಮ ತಿಳಿಯುವುದು ಈ ಬರಹದಿಂದಲೇ.

ವಿವರಣೆಯಲ್ಲಿರಬೇಕಾದ ಅಂಶಗಳು:

1. ಶೀರ್ಷಿಕೆ, ರಚನೆಯ ವರ್ಷ, ಅಳತೆ, ಮಾಧ್ಯಮ.

2. ವಿಧಾನ: ‘ಸಾಂಪ್ರದಾಯಿಕ ಕಲೆ’ ಎಂದಷ್ಟೇ ಬರೆದರೆ ಸಾಲದು. ಲಂಬಾಣಿ ಕಸೂತಿಯಾದಲ್ಲಿ ಬಟ್ಟೆ, ದಾರ, ಕನ್ನಡಿ, ಕವಡೆಗಳನ್ನು ನಮೂದಿಸಿ, ಹೊಲಿಗೆಗಳಿಗೆ ತಾಂಡಾದಲ್ಲಿರುವ ಹೆಸರುಗಳನ್ನೇ ಬಳಸುವುದು.

3. ಮೂಲ: ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿ ಚಿತ್ರಗಳನ್ನು ಆಧರಿಸಿದ್ದಲ್ಲಿ, ಅನುಸರಿಸಿದ ಭಾಗವನ್ನೂ ಸ್ವಂತ ಕಲ್ಪನೆಯನ್ನೂ ಪ್ರತ್ಯೇಕವಾಗಿ ತಿಳಿಸುವುದು.

4. ಹೆಸರಿನ ಬಳಕೆ: ಸಂಡೂರು ಲಂಬಾಣಿ ಕಸೂತಿಯು 2010ರಲ್ಲಿ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. ಬೇರೆಡೆಯ ಅಥವಾ ಯಂತ್ರದ ಕಸೂತಿಗೆ ಈ ಹೆಸರನ್ನು ಬಳಸಬಾರದು.

5. ವಿಳಾಸ: 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿದ್ದು, ಹೊಸಪೇಟೆ, ಹಂಪಿಯವರು ಆ ಜಿಲ್ಲೆಯನ್ನೂ ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲೆಯನ್ನೂ ನಮೂದಿಸುವುದು.

ವಿಶೇಷ ಸೂಚನೆ: ಓದು ಬರಹ ಬಾರದ ಕಲಾವಿದರು ತಮ್ಮ ಮಾತಿನಲ್ಲಿ ಹೇಳಿ ಇತರರಿಂದ ಬರೆಸಬಹುದು. ಬರೆದವರು ಅದನ್ನು ಪೂರ್ಣವಾಗಿ ಓದಿ ಹೇಳತಕ್ಕದ್ದು. ತಾವು ಹೇಳದ ಮಾತು ಸೇರಿದ್ದಲ್ಲಿ ತೆಗೆಸಿ, ಒಪ್ಪಿಗೆಯಾದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವುದು. ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು.