ಕಿವಿಯಿಂದ ಸ್ಕ್ಯಾನರ್‌ವರೆಗೆ: ಸಾಂಗಲಿ–ಮಿರಜದ ಎಂಜಿನ್ ರಿಪೇರಿ

ಸಾಂಗಲಿ–ಮಿರಜ ಸೀಮೆಯಲ್ಲಿ ಎಂಜಿನ್ ರಿಪೇರಿಯ ಕಸುಬು ಬೆಳೆದದ್ದು ಕೃಷ್ಣಾ, ವಾರಣಾ ನದಿಗಳ ದಂಡೆಯಲ್ಲಿ, ಹೊಲಕ್ಕೆ ನೀರೆತ್ತುವ ಪಂಪುಗಳ ಜೊತೆಗೆ. ಈ ಭಾಗದ ಯಂತ್ರೋದ್ಯಮಕ್ಕೆ ತಳಪಾಯ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಅವರು ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಹೊರಳಿದರು. ಊರು ಬೆಳೆದು ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ನೆಲ ಕೊಟ್ಟರು. ಈಗಿನ ಸಾಂಗಲಿ ಜಿಲ್ಲೆಯ ಆ ಬರಡು ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. 1920ರ ದಶಕದಲ್ಲಿ ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಪಂಪನ್ನು ತಿರುಗಿಸುವ ಡೀಸೆಲ್ ಎಂಜಿನ್ನಿಗೆಂದು 1946ರಲ್ಲಿ ಪುಣೆಯ ಖಡಕಿಯಲ್ಲಿ ಬೇರೆಯೇ ಕಂಪನಿ ಹುಟ್ಟಿಕೊಂಡಿತು.

ಹೊಲದ ಎಂಜಿನ್ನುಗಳಲ್ಲಿ ಬಹು ಪರಿಚಿತವಾದದ್ದು 5 ಅಶ್ವಶಕ್ತಿಯ, ನಿಮಿಷಕ್ಕೆ 1500 ಸುತ್ತು ತಿರುಗುವ ಒಂಟಿ ಸಿಲಿಂಡರಿನದು. ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಈ ಯಂತ್ರದಲ್ಲಿ ಒಂದು ತಂತಿಯೂ ಬೇಕಿರಲಿಲ್ಲ. ಕೆಟ್ಟರೆ ಅದು ತನ್ನ ರೋಗವನ್ನು ಹೊಗೆಯಲ್ಲಿ, ಸದ್ದಿನಲ್ಲಿ ಹೇಳುತ್ತಿತ್ತು. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಸಾಲುತ್ತಿಲ್ಲ. ನೀಲಿಯೆಂದರೆ ರಿಂಗು ಸವೆದು ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಾಮಾನ್ಯವಾಗಿ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಬೇರಿಂಗಿನ ಸದ್ದು ಆಲಿಸುವುದು ಮೇಸ್ತ್ರಿಗಳ ರೂಢಿ. ಹಲವು ಸಿಲಿಂಡರಿನ ಟ್ರ್ಯಾಕ್ಟರ್, ಲಾರಿಗಳಲ್ಲಿ ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು. ಯಾವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ಎಂಜಿನ್ನಿನ ಓಟ ಬದಲಾಗುವುದಿಲ್ಲವೋ, ಕೆಲಸ ಮಾಡದ ಸಿಲಿಂಡರ್ ಅದೇ. ಇದು ಅಂದಾಜಿನ ಕೆಲಸವೆಂದು ಹಗುರವಾಗಿ ಕಾಣುವಂತಿಲ್ಲ. ಒಂದು ಅಂಶವನ್ನು ಮಾತ್ರ ಬದಲಿಸಿ ಪರಿಣಾಮ ನೋಡುವ ಶುದ್ಧ ಪರೀಕ್ಷಾಕ್ರಮ ಅದು.

ಕೊಯ್ನಾ ಅಣೆಕಟ್ಟಿನ ವಿದ್ಯುತ್ತು ಬಂದ ಮೇಲೆ ಹೊಲದ ಎಂಜಿನ್ನುಗಳ ಕಾಲ ಹಿಂದೆ ಸರಿಯಿತು. ಆದರೆ ಕಬ್ಬು ಸಾಗಿಸುವ ಲಾರಿ, ಟ್ರ್ಯಾಕ್ಟರುಗಳು ಇದ್ದೇ ಇದ್ದವು. 1894ರಲ್ಲಿ ಮಿಶನ್ ಆಸ್ಪತ್ರೆ ಆರಂಭವಾದಾಗಿನಿಂದ ವೈದ್ಯಕೀಯಕ್ಕೆ ಹೆಸರಾದ ಮಿರಜಕ್ಕೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯಿಂದ ರೋಗಿಗಳನ್ನು ತರುವ ಜೀಪು, ಕಾರುಗಳೂ ಇದ್ದವು. ಗ್ಯಾರೇಜಿಗೆ ಕೆಲಸ ತಪ್ಪಲಿಲ್ಲ. ಆದರೆ ಆ ಗಾಡಿಗಳ ಎಂಜಿನ್ನೇ ಬದಲಾಗತೊಡಗಿತು.

ಹೊರಗೆ ಹೋಗುವ ಹೊಗೆಯ ವೇಗದಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ, ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ. ಭಾರತದ ರಸ್ತೆಯಲ್ಲಿ ಅದು 1998ರ ಟಾಟಾ ಸಫಾರಿ, 2002ರ ಸ್ಕಾರ್ಪಿಯೋದಂಥ ಗಾಡಿಗಳಿಂದ ಜನರಿಗೆ ಪರಿಚಯವಾಯಿತು. ಮೊದಲ ಟರ್ಬೋ ಡೀಸೆಲ್‌ಗಳಲ್ಲಿ ಎಲ್ಲವೂ ಯಾಂತ್ರಿಕವೇ ಆಗಿದ್ದರಿಂದ ಹಳೆಯ ವಿದ್ಯೆ ಸಾಕಾಗುತ್ತಿತ್ತು. ನಿಜವಾದ ಕವಲು ಬಂದದ್ದು ಎಲ್ಲ ಸಿಲಿಂಡರುಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಕಾಮನ್ ರೇಲ್‌ನೊಂದಿಗೆ. 2007ರ ಡೀಸೆಲ್ ಸ್ವಿಫ್ಟ್ ಅದನ್ನು ಮನೆಮನೆಗೆ ತಂದಿತು. ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಎಂಬುದನ್ನು ಈಗ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದಕ್ಕೆ ಸುದ್ದಿ ಕೊಡುವವು ಸೆನ್ಸರುಗಳು. ಇಲ್ಲಿ ಹಳೆಯ ರೂಢಿಯೊಂದು ಅಪಾಯಕಾರಿಯಾಯಿತು. ಕಾಮನ್ ರೇಲ್ ಪೈಪಿನಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಎಂಜಿನ್ ಓಡುತ್ತಿರುವಾಗ ಅದರ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಹೋಗಬಹುದು. ಈ ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಮೊಬೈಲ್ ಫೋನಿಗೆ ಜೋಡಿಸುವ ಅಗ್ಗದ ಸ್ಕ್ಯಾನರುಗಳು ಬಂದ ಮೇಲೆ ತಪಾಸಣೆ ಮನೆಯಂಗಳಕ್ಕೂ ಬಂತು. ಆದರೆ ದೋಷಗಳನ್ನು ತಾನೇ ದಾಖಲಿಸುವ ಒಬಿಡಿ ವ್ಯವಸ್ಥೆ ಭಾರತ್ ಸ್ಟೇಜ್ 4ರ ಕಾರುಗಳಿಗೆ ಕಡ್ಡಾಯವಾದದ್ದು 2010ರಿಂದ. ಅದಕ್ಕಿಂತ ಹಳೆಯ ಕಾರಿನಲ್ಲಿ ಪೋರ್ಟ್ ಇದ್ದರೂ ಸ್ಕ್ಯಾನರ್ ಮಾತಾಡದಿರಬಹುದು. ಮಾತಾಡಿದರೂ ಅದು ತೋರಿಸುವ ದೋಷದ ಕೋಡ್ ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಟರ್ಬೋ ಒತ್ತಡ ಕಡಿಮೆಯೆನ್ನುವ ಪಿ 0299 ಬಂದೊಡನೆ ಸೆನ್ಸರ್ ಬದಲಿಸುವುದು ಹಣ ಕಳೆಯುವ ದಾರಿ. ಹರಿದ ಹೋಸ್, ಸಡಿಲ ಕ್ಲಿಪ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪುಗಳೂ ಅದೇ ಕೋಡ್ ತರುತ್ತವೆ.

ಹಾಗಾಗಿ ಸೆನ್ಸರನ್ನು ಗೊತ್ತಿರುವ ಸಂಗತಿಯೊಂದಿಗೆ ಹೋಲಿಸಬೇಕು. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು 101 ಕಿಲೋಪಾಸ್ಕಲ್. ಸುಮಾರು 550 ಮೀಟರ್ ಎತ್ತರದ ಸಾಂಗಲಿಯಲ್ಲಿ 95ರ ಆಸುಪಾಸು. ಅದು 80 ಎಂದರೆ ಅನುಮಾನ ಸೆನ್ಸರ್ ಅಥವಾ ವೈರಿಂಗ್ ಮೇಲೆ. 95 ತೋರಿಸಿಯೂ ಭಾರ ಎಳೆಯುವಾಗ ಒತ್ತಡ ಏರದಿದ್ದರೆ ಅನುಮಾನ ಗಾಳಿಯ ಹಾದಿಯ ಮೇಲೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್, ಒಳಗಾಳಿ ಎರಡರ ತಾಪವೂ ಬೆಳಗಿನ ಹವೆಗೆ ಸಮವಿರಬೇಕು. ಒಂದು ಮಾತ್ರ ಮೈನಸ್ 40 ಡಿಗ್ರಿ ತೋರಿಸಿದರೆ ಸಾಮಾನ್ಯವಾಗಿ ಎಲ್ಲೋ ತಂತಿ ಕಡಿದಿದೆ ಅಥವಾ ಕನೆಕ್ಟರ್ ಬಿಟ್ಟಿದೆ.

ಕನೆಕ್ಟರಿನ ಮಾತು ಈ ಊರುಗಳಿಗೆ ಬೇರೆ ಕಡೆಗಿಂತ ಹೆಚ್ಚು ಸಲ್ಲುತ್ತದೆ. 2005, 2019, 2021ರ ಮಳೆಗಾಲಗಳಲ್ಲಿ ಕೃಷ್ಣೆ ಸಾಂಗಲಿಯ ಬೀದಿಗಳಿಗೆ ನುಗ್ಗಿತು. ನೆರೆನೀರಿನಲ್ಲಿ ನಿಂತ ಗಾಡಿಯ ಎಂಜಿನ್ ತೊಳೆದು ಚಾಲೂ ಆದರೂ, ಕನೆಕ್ಟರಿನೊಳಗೆ ಉಳಿದ ತೇವ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ತೊಂದರೆ ತಿಂಗಳುಗಳ ಮೇಲೆ, ಒಮ್ಮೆ ಬಂದು ಒಮ್ಮೆ ಮಾಯವಾಗುವ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಅಂಥ ಕಾರಿನಲ್ಲಿ ಮೊದಲು ಕೋಡ್ ಬರೆದಿಟ್ಟುಕೊಂಡು, ಬ್ಯಾಟರಿ ತಂತಿ ಬಿಚ್ಚಿ, ಕನೆಕ್ಟರುಗಳನ್ನು ಒಂದೊಂದಾಗಿ ತೆಗೆದು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಒಣಗಿಸಬೇಕು. ಆಮೇಲೆ ಕೋಡ್ ಅಳಿಸಿ, ಚಢಾವಿನಲ್ಲಿ ಭಾರ ಹೊತ್ತು ಓಡಿಸಿ ಮತ್ತೆ ಓದಬೇಕು. ಅದೇ ಕೋಡ್ ಮರಳಿದರೆ ಮಾತ್ರ ಹೊಸ ಸೆನ್ಸರಿನ ಮಾತು.