ಜಪಾನಿನ ನಕ್ಷತ್ರ, ಮುಂಬೈಯಲ್ಲಿ ಸೂರ್ಯ

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಡೋರೆಮಾನ್, ಶಿಂಚಾನ್, ಹಟ್ಟೋರಿ ಎಂಬ ಹೆಸರುಗಳನ್ನು ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಬೈ, ಪುಣೆ, ದೆಹಲಿ, ಎಲ್ಲೇ ಇರಿ, ಜಪಾನಿನ ಮಕ್ಕಳು ಟೀವಿಯೊಳಗಿಂದ ಹಿಂದಿಯಲ್ಲಿ ಜಗಳವಾಡುವುದು ಅಡುಗೆಮನೆಯ ತನಕ ಕೇಳಿಸುತ್ತದೆ. ಆದರೆ ಸೂರಜ್ ಎಂಬ ಹುಡುಗನ ಹೆಸರು ಕೇಳಿದ್ದೀರಾ? ಅವನೂ ಜಪಾನಿನವನೇ. ಮುಂಬೈಯ ಕೊಳೆಗೇರಿಯಲ್ಲಿ ಬೆಳೆದು, ಕ್ರಿಕೆಟ್ ಆಡುತ್ತಾನೆ! ಅವನ ಕಥೆಯನ್ನು ಜಪಾನಿನ ಕಂಪನಿಗಳು ತಮ್ಮ ದೇಶದ ಟೀವಿಗಾಗಿ ಮಾಡಲಿಲ್ಲ. ನಮಗಾಗಿ, ನಮ್ಮ ಟೀವಿಗಾಗಿ ಮಾಡಿದವು.

'ಸೂರಜ್: ದಿ ರೈಸಿಂಗ್ ಸ್ಟಾರ್' ಎಂಬ ಆ ಧಾರಾವಾಹಿ ಕಲರ್ಸ್ ಚಾನೆಲ್ಲಿನಲ್ಲಿ ಶುರುವಾದದ್ದು 2012ರ ಡಿಸೆಂಬರ್ 23ರ ಭಾನುವಾರ. ಒಟ್ಟು 26 ಕಂತು. ಹಿಂದೆ ನಿಂತಿದ್ದವರು ಟೋಕಿಯೋದ ದೊಡ್ಡ ಪ್ರಕಾಶನ ಸಂಸ್ಥೆ ಕೊಡಾನ್ಶಾ ಮತ್ತು ಟಿಎಂಎಸ್ ಎಂಟರ್‌ಟೈನ್‌ಮೆಂಟ್. ಇಲ್ಲಿ ಜೊತೆಯಾದದ್ದು ಹೈದರಾಬಾದಿನ ಡಿಕ್ಯೂ ಎಂಟರ್‌ಟೈನ್‌ಮೆಂಟ್. ಹೈದರಾಬಾದಿನಲ್ಲಿ ಕೂತು ಈ ಪತ್ರಿಕೆ ಓದುತ್ತಿರುವವರು ಸ್ವಲ್ಪ ಹೆಮ್ಮೆ ಪಟ್ಟುಕೊಳ್ಳಬಹುದು. ಛೋಟಾ ಭೀಮನ ತವರೂ ಅದೇ ಊರಲ್ಲವೇ?

ಸೂರಜ್ ಯಾರೆಂದು ತಿಳಿಯಲು ಸುಮಾರು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

1966ರಲ್ಲಿ ಕೊಡಾನ್ಶಾದ ವಾರಪತ್ರಿಕೆ 'ಶೋನೆನ್ ಮ್ಯಾಗಜೀನ್'ನಲ್ಲಿ 'ಕ್ಯೋಜಿನ್ ನೋ ಹೋಶಿ' ಎಂಬ ಚಿತ್ರಕಥೆ ಬರತೊಡಗಿತು. 'ಜೈಂಟ್ಸ್ ತಂಡದ ನಕ್ಷತ್ರ' ಎಂದರ್ಥ. ಬರೆದವರು ಇಕ್ಕಿ ಕಾಜಿವಾರಾ, ಚಿತ್ರ ಬಿಡಿಸಿದವರು ನೊಬೊರು ಕವಾಸಾಕಿ. ಕಥಾನಾಯಕ ಹ್ಯೂಮಾ ಹೋಶಿ, ಬಡವರ ಮನೆಯ ಹುಡುಗ. ಅಪ್ಪ ಇತ್ತೆತ್ಸು ಒಂದು ಕಾಲಕ್ಕೆ ಜೈಂಟ್ಸ್ ಬೇಸ್‌ಬಾಲ್ ತಂಡದ ಆಟಗಾರ. ಯುದ್ಧಕ್ಕೆ ಹೋಗಿ ತೋಳಿಗೆ ಏಟು ಮಾಡಿಕೊಂಡು, ಆಟ ಕಳೆದುಕೊಂಡು, ಕೂಲಿಗೆ ಬಿದ್ದವನು. ತಾನು ತಲುಪದ ಎತ್ತರಕ್ಕೆ ಮಗನನ್ನು ಏರಿಸುವುದೊಂದೇ ಅವನ ಹಟ. ತಾಯಿಯಿಲ್ಲದ ಮನೆಯಲ್ಲಿ ಅಕ್ಕ ಅಕಿಕೋ ಮರದ ಮರೆಯಲ್ಲಿ ನಿಂತು ತಮ್ಮನ ಪಾಡು ನೋಡಿ ಕಣ್ಣೊರೆಸಿಕೊಳ್ಳುತ್ತಾಳೆ.

ಆ ಅಪ್ಪನ ತರಬೇತಿ ಎಂಥದ್ದೆಂದರೆ, ಮನೆಯ ಗೋಡೆಯಲ್ಲಿ ಒಂದು ಸಣ್ಣ ತೂತು. ಹುಡುಗ ಒಳಗಿನಿಂದ ಚೆಂಡೆಸೆದರೆ ಅದು ಆ ತೂತಿನ ಮೂಲಕ ಹೊರಗೆ ಹೋಗಿ, ಮರಕ್ಕೆ ಬಡಿದು, ಅದೇ ತೂತಿನಿಂದ ವಾಪಸು ಬರಬೇಕು. ಸಾಲದ್ದಕ್ಕೆ ಎದೆ-ತೋಳುಗಳಿಗೆ ಸ್ಪ್ರಿಂಗುಗಳ ಒಂದು ಕಬ್ಬಿಣದ ಕವಚ. ಕೈ ಎತ್ತಿದರೆ ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಊಟಕ್ಕೂ ಅದನ್ನು ಬಿಚ್ಚುವಂತಿಲ್ಲ!

1968ರ ಮಾರ್ಚ್ 30ರಂದು ಇದೇ ಕಥೆ ಟೀವಿಗೆ ಬಂತು. 1971ರ ಸೆಪ್ಟೆಂಬರ್ 18ರವರೆಗೆ ಶನಿವಾರ ಸಂಜೆಗಳಲ್ಲಿ 182 ಕಂತು. ಜಪಾನಿನಲ್ಲಿ ಕ್ರೀಡೆಯ ಮೇಲೆ ಬಂದ ಮೊದಲ ದೊಡ್ಡ ಕಾರ್ಟೂನ್ ಧಾರಾವಾಹಿ ಇದು. ಇಂಥ ಕಥೆಗಳಿಗೆ ಅಲ್ಲಿ 'ಸ್ಪೋಕೊನ್' ಎಂಬ ಹೆಸರೇ ಹುಟ್ಟಿಕೊಂಡಿತು: ಸ್ಪೋರ್ಟ್ಸ್ ಜೊತೆಗೆ 'ಕೊಂಜೋ', ಅಂದರೆ ನಮ್ಮ ಮಾತಿನಲ್ಲಿ ಕೆಚ್ಚು, ಛಲ. ನಾಯಕನ ಕಣ್ಣಲ್ಲಿ ನಿಜವಾದ ಬೆಂಕಿ ಉರಿಯುತ್ತದೆ. ಒಂದು ಚೆಂಡು ಎಸೆಯಲು ಅರ್ಧ ಕಂತು ಹಿಡಿಯುತ್ತದೆ. (ನಮ್ಮ ಧಾರಾವಾಹಿಗಳ ಅತ್ತೆಯವರು ಒಂದು ಕಣ್ಣು ಹೊರಳಿಸಲು ತೆಗೆದುಕೊಳ್ಳುವಷ್ಟು!)

ಜಪಾನಿಗೆ ಈ ಕಥೆ ಆಗ ಯಾಕೆ ಅಷ್ಟು ಹಿಡಿಸಿತು? ಇಸವಿಗಳನ್ನು ನೋಡಿ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್, ಅದೇ ವರ್ಷ ಬುಲೆಟ್ ರೈಲು. 1968ರಲ್ಲಿ ಆರ್ಥಿಕ ಉತ್ಪನ್ನದಲ್ಲಿ ಜಪಾನ್ ಪಶ್ಚಿಮ ಜರ್ಮನಿಯನ್ನು ಹಿಂದೆ ಹಾಕಿತು. ಜೈಂಟ್ಸ್ ತಂಡ 1965ರಿಂದ 1973ರವರೆಗೆ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್. ಯುದ್ಧದಲ್ಲಿ ಸೋತ ಅಪ್ಪಂದಿರು, ಕಟ್ಟಡದ ಕೆಲಸ, ಒಂದೇ ಕೋಣೆಯ ಮನೆ, 'ಮಗನಾದರೂ ಮೇಲೆ ಬರಲಿ' ಎಂಬ ಆಸೆ. ಇದು ಬೇಸ್‌ಬಾಲಿಗಿಂತ ಹೆಚ್ಚಾಗಿ ಆ ತಲೆಮಾರಿನ ಮನೆಮನೆಯ ಕಥೆಯಾಗಿತ್ತು. ಜಪಾನ್ ಶ್ರೀಮಂತವಾದ ಮೇಲೆ ಅದೇ ಕಥೆ ಅಲ್ಲಿನ ಮಕ್ಕಳಿಗೆ ನಗೆಪಾಟಲಾಯಿತು. ಸ್ಪ್ರಿಂಗು ಕವಚ, ಸಿಟ್ಟಿನಲ್ಲಿ ಊಟದ ಮೇಜು ಮಗುಚುವ ಅಪ್ಪ, ಇವೆಲ್ಲ ಹಾಸ್ಯ ಕಾರ್ಯಕ್ರಮಗಳ ಸರಕಾದವು.

ಹಾಗಾದರೆ ಈ ಕಥೆಗೆ ಇನ್ನೆಲ್ಲಿ ಜಾಗವಿದೆ? ಯಾವ ದೇಶದಲ್ಲಿ ಈಗಲೂ ಅಪ್ಪ ಮಗನ ಮೇಲೆ ತನ್ನ ಕನಸು ಹೇರುತ್ತಾನೆ, ಕೊಳೆಗೇರಿಯ ಪಕ್ಕದಲ್ಲೇ ಗಾಜಿನ ಕಟ್ಟಡ ಏಳುತ್ತದೆ, ಒಂದು ಆಟ ಧರ್ಮದಂತಿದೆ? ಕೊಡಾನ್ಶಾದವರ ಲೆಕ್ಕ ಭಾರತಕ್ಕೆ ಬಂದು ನಿಂತಿತು. 2008ರಲ್ಲಿ ಐಪಿಎಲ್ ಶುರುವಾಗಿತ್ತು, 2011ರ ಏಪ್ರಿಲ್‌ನಲ್ಲಿ ಧೋನಿಯ ತಂಡ ವಿಶ್ವಕಪ್ ಎತ್ತಿತ್ತು. ಲೆಕ್ಕದಲ್ಲಿ ವ್ಯಾಪಾರವೂ ಇತ್ತೆನ್ನಿ. ಕಥೆಯ ನಡುವೆ ಸುಜುಕಿ ಕಾರು ಓಡುತ್ತದೆ, ಆಕಾಶದಲ್ಲಿ ಆಲ್ ನಿಪ್ಪಾನ್ ಏರ್‌ವೇಸ್ ವಿಮಾನ ಹಾರುತ್ತದೆ. ಜಪಾನಿನ ಕಂಪನಿಗಳಿಗೆ ಇಲ್ಲಿನ ಮಧ್ಯಮ ವರ್ಗದ ಮನೆಗೆ ಬಾಗಿಲು ಬೇಕಿತ್ತು. ಕಾರ್ಟೂನು ಒಳ್ಳೆಯ ಬಾಗಿಲೇ.

ಹೀಗೆ ಹ್ಯೂಮಾ ಸೂರಜ್ ಆದ. ನಕ್ಷತ್ರ ಸೂರ್ಯನಾಯಿತು, ಹೆಸರಿಟ್ಟವರ ಜಾಣತನ ಮೆಚ್ಚಬೇಕು. ಅಪ್ಪ ಶ್ಯಾಮ್, ಅಕ್ಕ ಶಾಂತಿ, ಶ್ರೀಮಂತ ಎದುರಾಳಿ ವಿಕ್ರಮ್. ಪಿಚರ್ ಬೌಲರ್ ಆದ. ಈ ಕೊನೆಯ ಬದಲಾವಣೆ ಕಾಣುವಷ್ಟು ಸುಲಭದ್ದಲ್ಲ. ಬೇಸ್‌ಬಾಲಿನಲ್ಲಿ ಮೊಣಕೈ ಮಡಚಿ ಚೆಂಡು ಎಸೆಯುವುದೇ ಆಟ. ಕ್ರಿಕೆಟ್ಟಿನಲ್ಲಿ ಹಾಗೆ ಎಸೆದರೆ ಅಂಪೈರ್ ಕೈ ಚಾಚಿ ನೋಬಾಲ್ ಕೊಡುತ್ತಾನೆ. ಒಂದು ಕಥೆಯ ಮೈಯೊಳಗಿನ ಚಲನೆಯನ್ನೇ ಬದಲಿಸಿ ಇನ್ನೊಂದು ದೇಶಕ್ಕೆ ಒಗ್ಗಿಸುವುದೆಂದರೆ ಹೆಸರು ಬದಲಿಸಿದಷ್ಟು ಹಗುರವಲ್ಲ.

ಆ ಸ್ಪ್ರಿಂಗು ಕವಚ? ಮಗುವಿನ ಮೇಲಿನ ಹಿಂಸೆಯಂತೆ ಕಂಡೀತೆಂದು ಅದನ್ನು ಕೈಬಿಟ್ಟು, ಸೂರಜ್‌ನ ತೋಳುಗಳಿಗೆ ಸೈಕಲ್ ಟ್ಯೂಬು ಕಟ್ಟಿದರು. ಈ ಬದಲಾವಣೆ ನನಗೆ ಬಹಳ ಇಷ್ಟ. ಸ್ಪ್ರಿಂಗಿನ ಕವಚ ಕಾರ್ಖಾನೆಯ ದೇಶದ್ದು. ಹಳೇ ಸೈಕಲ್ ಟ್ಯೂಬು ನಮ್ಮದು. ಕ್ಯಾರಿಯರ್‌ಗೆ ಮೂಟೆ ಬಿಗಿಯುವುದಕ್ಕೆ, ಚಾಟರಬಿಲ್ಲಿಗೆ, ನಲ್ಲಿಯ ಸೋರಿಕೆ ನಿಲ್ಲಿಸುವುದಕ್ಕೆ, ಯಾವುದಕ್ಕೆ ಬಳಸಿಲ್ಲ ಹೇಳಿ? ಹಿಂಸೆ ತಗ್ಗಿಸಲು ಹೋದವರು, ಅರಿತೋ ಅರಿಯದೆಯೋ, ಬಡತನವನ್ನು ಸರಿಯಾಗಿ ಹಿಡಿದರು.

ಅಂದ ಹಾಗೆ, ತೋಳಿನ ಮಾತು ಬಂತಲ್ಲ. ಮೂಲ ಕಥೆಯ ಕೊನೆಯಲ್ಲಿ ಹ್ಯೂಮಾ ಕಂಡುಹಿಡಿದ ಮೂರನೆಯ ಮಾಯದ ಎಸೆತ ಅವನ ಎಡಗೈಯನ್ನೇ ತಿನ್ನುತ್ತದೆ. ಎದುರಾಳಿ ತಂಡದ ಕೋಚ್ ಆಗಿ ನಿಂತಿರುವುದು ಸ್ವಂತ ಅಪ್ಪ. ಹುಡುಗ ಪಂದ್ಯ ಗೆಲ್ಲುತ್ತಾನೆ, ಕೈ ಕಳೆದುಕೊಳ್ಳುತ್ತಾನೆ. ಜಪಾನಿನ ಟೀವಿಯಲ್ಲಿ ಆ ಕಥೆ ಕೊನೆಯ ವಾರಗಳಿಗೆ ಬಂದಿದ್ದಾಗ, 1971ರ ಆಗಸ್ಟ್‌ನಲ್ಲಿ, ಓವಲ್ ಮೈದಾನದಲ್ಲಿ ಮೈಸೂರಿನಲ್ಲಿ ಹುಟ್ಟಿದ ಒಬ್ಬ ಬೌಲರ್ 38 ರನ್ನಿಗೆ 6 ವಿಕೆಟ್ ಕಿತ್ತರು. ಬಾಲ್ಯದಲ್ಲಿ ಪೋಲಿಯೋ ಬಡಿದ ಬಲಗೈಯಿಂದ! ಬಿ. ಎಸ್. ಚಂದ್ರಶೇಖರ್ ಬೌಲಿಂಗ್ ಮಾಡುತ್ತಿದ್ದುದು ಬಲಗೈಯಲ್ಲಿ, ಫೀಲ್ಡಿಂಗ್ ಮಾಡುವಾಗ ಚೆಂಡೆಸೆಯುತ್ತಿದ್ದುದು ಎಡಗೈಯಲ್ಲಿ. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಸರಣಿ ಜಯ ಅದು. ಅಂದು ರೇಡಿಯೋಕ್ಕೆ ಕಿವಿಯೊತ್ತಿ ಕೂತವರು ನಿಮ್ಮಲ್ಲೂ ಕೆಲವರಿರಬಹುದು. ಅವರಿಗೆ ಸ್ಪ್ರಿಂಗು ಕವಚದ ಹುಡುಗನ ಕಥೆ ಅಷ್ಟೇನೂ ಅತಿಶಯ ಅನ್ನಿಸಲಿಕ್ಕಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಸೂರಜ್ 26 ಕಂತಿಗೆ ಮುಗಿದ. ಕೇಳಿದರೆ ಇಂದು ಹತ್ತರಲ್ಲಿ ಒಬ್ಬರಿಗೂ ನೆನಪಿಲ್ಲ. ಯಾಕಿರಬಹುದು? ಮಕ್ಕಳು ದಿನವಿಡೀ ಕಾರ್ಟೂನ್ ಚಾನೆಲ್ಲಿಗೆ ಅಂಟಿಕೊಂಡಿದ್ದ ಕಾಲದಲ್ಲಿ ಇದು ದೊಡ್ಡವರ ಚಾನೆಲ್ಲಿನಲ್ಲಿ ಬಂತು. ಇನ್ನೊಂದು ಕಾರಣವೂ ಇದೆ ಎಂದು ನನ್ನ ಅನಿಸಿಕೆ. ಅಪ್ಪನ ಹಟಕ್ಕೆ ಮಕ್ಕಳು ಬೆವರು ಸುರಿಸುವುದನ್ನು ನೋಡಲು ನಮ್ಮ ಮಕ್ಕಳು ಟೀವಿ ಹಾಕಬೇಕಾಗಿಲ್ಲ; ಟ್ಯೂಷನ್ನಿನಿಂದ ಬಂದು ಕೂತವರಿಗೆ ಜೇಬಿನಿಂದ ಬೇಕಾದ್ದು ತೆಗೆದುಕೊಡುವ ಡೋರೆಮಾನೇ ಬೇಕು. 2012ರಲ್ಲೇ ಭಾರತಕ್ಕಾಗಿ ಹೊಸದಾಗಿ ತಯಾರಾದ ಹಟ್ಟೋರಿ ಕಂತುಗಳು ಗೆದ್ದದ್ದನ್ನು ನೋಡಿದರೆ ಹಾಗನ್ನಿಸುತ್ತದೆ. ಅವೂ ಮೊದಲು ಇಲ್ಲೇ ಪ್ರಸಾರವಾಗಿ, ಆಮೇಲೆ ಜಪಾನಿಗೆ ಹೋದಂಥವು.

ಇದೇ 2012ರ ಮೇ ತಿಂಗಳಲ್ಲಿ ಅಮೀರ್ ಖಾನರ 'ಸತ್ಯಮೇವ ಜಯತೇ' ಶುರುವಾದಾಗ ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ವಿರೋಧದಿಂದ ಅದರ ಕನ್ನಡ ಅವತರಣಿಕೆ ಚಾನೆಲ್ಲುಗಳಲ್ಲಿ ಬರಲಿಲ್ಲ ಎಂಬುದು ನೆನಪಿರಬಹುದು. ಅರವತ್ತರ ದಶಕದಲ್ಲಿ ನಮ್ಮ ಪುಟ್ಟ ಚಿತ್ರರಂಗವನ್ನು ಉಳಿಸಿಕೊಳ್ಳಲು ಎದ್ದ ಆ ಚಳವಳಿಗೆ ಆಗ ಅರ್ಥವಿತ್ತು. ಆದರೆ ಮಕ್ಕಳ ಪಾಲಿಗೆ ಅದರ ಬೆಲೆ ದುಬಾರಿಯಾಯಿತು. 2009ರಲ್ಲಿ ಚಿಂಟು ಟೀವಿ ಬರುವವರೆಗೆ ಕನ್ನಡಕ್ಕೆ ಸ್ವಂತದ್ದೊಂದು ಮಕ್ಕಳ ಚಾನೆಲ್ಲೇ ಇರಲಿಲ್ಲ. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಘಟನೆಗಳಿಗೆ ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಒಂದಿಡೀ ತಲೆಮಾರಿನ ಕನ್ನಡದ ಮಕ್ಕಳು ಬೆಂಗಳೂರಿನಲ್ಲಿ ಕೂತೂ ಜಪಾನನ್ನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ನೋಡಿ ಬೆಳೆದಿದ್ದರು.

ಕಥೆ ಎದುರು ದಿಕ್ಕಿನಲ್ಲಿ ಪಯಣಿಸಿದ್ದೂ ಉಂಟು. 1983ರಲ್ಲಿ ಯೂಗೋ ಸಾಕೋ ಎಂಬ ಜಪಾನಿ ನಿರ್ಮಾಪಕರು ಅಲಹಾಬಾದಿನ ಬಳಿ ಪುರಾತತ್ವಜ್ಞ ಬಿ. ಬಿ. ಲಾಲ್ ನಡೆಸುತ್ತಿದ್ದ ಉತ್ಖನನದ ಸಾಕ್ಷ್ಯಚಿತ್ರಕ್ಕಾಗಿ ಬಂದರು. ರಾಮಾಯಣದ ಪರಿಚಯವಾಗಿ, ಜಪಾನಿ ಭಾಷೆಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಅದನ್ನು ಕಾರ್ಟೂನ್ ಚಿತ್ರವಾಗಿಸಲೇಬೇಕೆಂದು ಹೊರಟರು. ನಮ್ಮ ರಾಮ್ ಮೋಹನ್ ನಿರ್ದೇಶನದಲ್ಲಿ ಕೈಜೋಡಿಸಿದರು, ವನರಾಜ್ ಭಾಟಿಯಾ ಸಂಗೀತ ಕೊಟ್ಟರು. ಚಿತ್ರ ಮುಗಿದದ್ದು 1992ರಲ್ಲಿ. ಅಯೋಧ್ಯೆ ಹೊತ್ತಿ ಉರಿದ ವರ್ಷ. ಇಲ್ಲಿ ಚಿತ್ರೋತ್ಸವದಲ್ಲಿ ತೋರಿಸಿದರು, ಮುಂದೆ ಟೀವಿಯಲ್ಲಿ ಬಂತು. ಚಿತ್ರಮಂದಿರಗಳಿಗೆ ಮಾತ್ರ ಬರಲಿಲ್ಲ. ಜಪಾನಿನ ಚಿತ್ರಮಂದಿರಗಳು 1997ರಲ್ಲೇ ಅದನ್ನು ಕಂಡವು. ಸಾಕೋ ತೀರಿಕೊಂಡದ್ದು 2012ರಲ್ಲಿ, ಸೂರಜ್ ತೆರೆಗೆ ಬಂದ ವರ್ಷ. ಅವರ ರಾಮ ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2025ರ ಜನವರಿ 24ರಂದು, ಹಿಂದಿ, ಇಂಗ್ಲಿಷ್, ತಮಿಳು, ತೆಲುಗುಗಳಲ್ಲಿ. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.